ಫಿಟ್ಸ್‌ಗೆ ಔಷಧಿ: ನೇರ ಮಿದುಳಿಗೇ ಬಿಡಬಹುದೇ?

ಪ್ರಶ್ನೆ: ಮಗನಿಗೆ 24 ವರ್ಷ, ತೂಕ 60 ಕೆ.ಜಿ. ಮೂರು ಬಗೆಯ ಮಾತ್ರೆ ನುಂಗಿದರೂ ತಿಂಗಳಿಗೆ ಎರಡು ಮೂರು ಸಲ ಫಿಟ್ಸ್ ಬರುತ್ತದೆ. ಮಿದುಳಿನೊಳಗೇ ಔಷಧಿ ಬಿಡುವ ಸಾಧನದ ಬಗ್ಗೆ ಓದಿದೆ. ಅದು ನಮಗೆ ಸಿಗುತ್ತದೆಯೇ? ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇ ಕೂಡ ಅದೇ ಬಗೆಯದೇ?

ಉತ್ತರ: ಸದ್ಯ ಸಿಗುವುದಿಲ್ಲ, ಅದಿನ್ನೂ ಪ್ರಯೋಗದ ಹಂತದಲ್ಲಿದೆ. ಆದರೆ ನಿಮ್ಮ ಮಗನಿಗೆ ಬೇರೆ ದಾರಿ ಇರಬಹುದು. ಅದನ್ನು ಕೊನೆಗೆ ಹೇಳುತ್ತೇವೆ.

ಮಿದುಳಿನ ರಕ್ತನಾಳಗಳ ಒಳಗೋಡೆಯ ಜೀವಕೋಶಗಳು ಸಂದಿಯೇ ಇಲ್ಲದಂತೆ ಒತ್ತಾಗಿ ಹೆಣೆದುಕೊಂಡಿವೆ. ನುಸುಳಿ ಬಂದ ಕೆಲವು ಔಷಧಿಗಳನ್ನು ಅಲ್ಲಿನ ಪ್ರೋಟೀನುಗಳು ಮರಳಿ ರಕ್ತಕ್ಕೆ ದಬ್ಬುತ್ತವೆ. ಹಾಗೆಂದು ಡೋಸ್ ಏರಿಸಿದರೆ ತೂಕಡಿಕೆ, ತಲೆಸುತ್ತು. ಕೆಲವು ಔಷಧಿಗಳಿಂದ ಯಕೃತ್ತಿಗೂ ಪೆಟ್ಟು. ಈ ಗೋಡೆಯನ್ನು ತಪ್ಪಿಸಿ ಹೋಗುವುದೇ ಹೊಸ ಸಾಧನಗಳ ಉದ್ದೇಶ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವೈದ್ಯರು ಹೊಟ್ಟೆಯ ಚರ್ಮದಡಿ ಪಂಪು ಕೂರಿಸಿ, ಅದರಿಂದ ತೆಳು ಕೊಳವೆಯನ್ನು ಮಿದುಳಿನೊಳಗಿನ ದ್ರವ ತುಂಬಿದ ಕುಹರಕ್ಕೆ ಎಳೆದು ವ್ಯಾಲ್‌ಪ್ರೊಯೇಟ್ ಎಂಬ ಫಿಟ್ಸ್ ಔಷಧಿ ಹರಿಸಿದರು. 2020ರಲ್ಲಿ ಪ್ರಕಟವಾದ ಆ ವರದಿಯಲ್ಲಿದ್ದವರು ಐದೇ ರೋಗಿಗಳು. ಕುಹರದ ದ್ರವ ನಿಂತ ನೀರಲ್ಲ. ಒಟ್ಟು ಸುಮಾರು 150 ಮಿ.ಲೀ. ಇರುವ ಅದು ದಿನಕ್ಕೆ ಸುಮಾರು 500 ಮಿ.ಲೀ.ನಷ್ಟು ಹೊಸದಾಗಿ ಹುಟ್ಟಿ ಹಳೆಯದನ್ನು ತೊಳೆದೊಯ್ಯುತ್ತದೆ. ಹೀಗಾಗಿ ಔಷಧಿ ಕುಹರದ ಅಂಚನ್ನು ದಾಟಿ ಆಳಕ್ಕೆ ಇಳಿಯುವುದು ಕಷ್ಟ. ಇಂಥ ಪಂಪುಗಳಲ್ಲಿ ಕೊಳವೆ ಮಡಚಿಕೊಳ್ಳಬಹುದು, ಸೋಂಕು ತಗಲಬಹುದು. ಚರ್ಮದ ಮೂಲಕ ಔಷಧಿ ತುಂಬಿಸುವಾಗ ಸೂಜಿ ಗುರಿ ತಪ್ಪಿದರೆ ಅಷ್ಟೂ ಔಷಧಿ ಚರ್ಮದಡಿ ಸೇರುತ್ತದೆ.

ಫಿಟ್ಸ್ ಹುಟ್ಟುವ ಜಾಗಕ್ಕೇ ದ್ರವ ಚುಚ್ಚಬಾರದೇಕೆ? ಮಿದುಳಿನ ಅಂಗಾಂಶದಲ್ಲಿ ಖಾಲಿ ಜಾಗವಿಲ್ಲ. ಬೇಗ ಹರಿಸಿದರೆ ಒತ್ತಡ ಏರುತ್ತದೆ, ದ್ರವ ಕೊಳವೆಯ ಹೊರಮೈ ಗುಂಟ ವಾಪಸ್ ಬರುತ್ತದೆ. ಕೇಂಬ್ರಿಡ್ಜ್ ಮತ್ತು ಫ್ರಾನ್ಸಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಸಾಧನದ ಜಾಣತನ ಇಲ್ಲೇ ಇದೆ. ಅದು ನೀರನ್ನು ಬಿಡುವುದೇ ಇಲ್ಲ. ಎಳೆಯಷ್ಟು ತೆಳುವಾದ ಕಡ್ಡಿಯೊಳಗೆ ಗಾಬಾ ಎಂಬ ರಾಸಾಯನಿಕದ ದ್ರಾವಣ ಇರುತ್ತದೆ. ವಿದ್ಯುತ್ ಕೊಟ್ಟಾಗ ಆವೇಶಗೊಂಡ ಗಾಬಾ ಕಣಗಳಷ್ಟೇ ಕಡ್ಡಿಯ ಪೊರೆ ದಾಟುತ್ತವೆ, ನೀರು ಒಳಗೇ ಉಳಿಯುತ್ತದೆ. ಮಿದುಳಿನ ಸಂಕೇತ ಓದುವ ವಿದ್ಯುದಗ್ರಗಳೂ ಅದೇ ಕಡ್ಡಿಯಲ್ಲಿವೆ. ಗಾಬಾ ಮಿದುಳು ತಾನೇ ತಯಾರಿಸುವ ಶಾಮಕ; ಮಾತ್ರೆಯಾಗಿ ನುಂಗಿದರೆ ಮಿದುಳನ್ನು ಮುಟ್ಟುವುದೇ ಅಪರೂಪ. ಫಲ ಚೆನ್ನಾಗಿತ್ತು, ಆದರೆ ಇಲಿಗಳಲ್ಲಿ, ಅದೂ ರಾಸಾಯನಿಕ ಕೊಟ್ಟು ಬರಿಸಿದ ಫಿಟ್ಸ್‌ನಲ್ಲಿ.

ಇನ್ನು ಮೂಗಿನ ಸ್ಪ್ರೇಯಲ್ಲಿರುವ ಮಿಡಜೋಲಾಮ್. ಅದು ಆ ಬಗೆಯದಲ್ಲ. ಅದು ಮುಖ್ಯವಾಗಿ ಮೂಗಿನ ಒಳಪೊರೆಯಿಂದ ರಕ್ತಕ್ಕೆ ಸೇರಿಯೇ ಮಿದುಳಿಗೆ ಹೋಗುತ್ತದೆ. ಫಿಟ್ಸ್ 5 ನಿಮಿಷ ದಾಟಿದರೆ ಬಳಸುವ ಔಷಧಿ ಅದು. ಸಾಮಾನ್ಯ ಲೆಕ್ಕ ಕೆ.ಜಿ.ಗೆ 0.2 ಮಿ.ಗ್ರಾಂ, ಗರಿಷ್ಠ 10 ಮಿ.ಗ್ರಾಂ, ಹಾಗಾಗಿ ನಿಮ್ಮ ಮಗನಿಗೆ 10. ಎಡವಟ್ಟಾಗುವುದು ಬಾಟಲಿಯಲ್ಲಿ: ಒಂದು ಒತ್ತಿಗೆ 0.5 ಮಿ.ಗ್ರಾಂ ಬರುವುದಾದರೆ 20 ಒತ್ತು ಬೇಕು, 1.25 ಆದರೆ 8 ಸಾಕು. ಎರಡೂ ಹೊಳ್ಳೆಗೆ ಸಮವಾಗಿ ಹಂಚಿ. ನಿಮ್ಮ ಬಾಟಲಿಗೆ ಎಷ್ಟು ಒತ್ತು ಎಂದು ಡಾಕ್ಟರಿಂದ ಚೀಟಿಯಲ್ಲೇ ಬರೆಸಿಕೊಂಡು ಅದಕ್ಕೆ ಅಂಟಿಸಿಡಿ. ಹೊಸ ಬಾಟಲಿಯನ್ನು ಮೊದಲು ಗಾಳಿಯಲ್ಲಿ ಒತ್ತಿ, ತುಂತುರು ಬಂದ ಮೇಲೆ ಎಣಿಸಿ. ಮಗನನ್ನು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಕೊಡುವ ಬೀಗದ ಕೈಯಿಂದ ಉಪಯೋಗವಿಲ್ಲ. ಫಿಟ್ಸ್ ನಿಲ್ಲದಿದ್ದರೆ ಅಥವಾ ಉಸಿರು ನಿಧಾನವಾದರೆ 108ಕ್ಕೆ ಕರೆಮಾಡಿ.

ಸರಿಯಾಗಿ ಆರಿಸಿ, ತಪ್ಪದೆ ನುಂಗಿದ ಎರಡು ಔಷಧಿಗಳು ಸೋತರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆರೋಗ (ಎಪಿಲೆಪ್ಸಿ) ಎನ್ನುತ್ತಾರೆ. ಆಗ ನಾಲ್ಕನೆಯ ಮಾತ್ರೆಗೆ ಮೊದಲೇ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಕೇಳಬೇಕು. 2001ರಲ್ಲಿ ಪ್ರಕಟವಾದ ಕೆನಡಾದ ಪರೀಕ್ಷೆಯೊಂದರಲ್ಲಿ ಟೆಂಪೊರಲ್ ಹಾಲೆಯ (ಕಿವಿಯ ಬಳಿಯ ಮಿದುಳಿನ ಭಾಗದ) ಮೂರ್ಛೆರೋಗ ಇದ್ದ 80 ಜನರಿದ್ದರು. ಒಂದು ವರ್ಷದ ನಂತರ ಎಚ್ಚರ ತಪ್ಪಿಸುವ ಫಿಟ್ಸ್‌ನಿಂದ ಬಿಡುಗಡೆ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 58ರಷ್ಟು ಮಂದಿಗೆ, ಮಾತ್ರೆಯ ಗುಂಪಿನಲ್ಲಿ ಶೇ 8ರಷ್ಟು ಮಂದಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ತಪಾಸಣೆ ನಡೆಯುತ್ತದೆ: ವಿಡಿಯೊ ಇಇಜಿ (ಚಿತ್ರೀಕರಿಸುತ್ತಲೇ ಮಿದುಳಿನ ವಿದ್ಯುತ್ ಸಂಕೇತ ದಾಖಲಿಸುವುದು), ಮೂರ್ಛೆರೋಗಕ್ಕೆಂದೇ ತೆಗೆಯುವ ಎಂಆರ್‌ಐ. ಹೋಗುವಾಗ ಇದುವರೆಗಿನ ಎಲ್ಲ ಔಷಧಿಗಳ ಹೆಸರು, ಡೋಸ್, ಎಷ್ಟು ತಿಂಗಳು ಕೊಟ್ಟಿರಿ ಎಂಬ ಪಟ್ಟಿ ಒಯ್ಯಿರಿ. ಫಿಟ್ಸ್ ಶುರುವಾಗುವ ಕ್ಷಣ ಫೋನಿನಲ್ಲಿ ಸೆರೆಯಾಗಿದ್ದರೆ ಅದನ್ನೂ ತೋರಿಸಿ. ಮೊದಲು ಯಾವ ಕೈ ಸೆಟೆದುಕೊಂಡಿತು, ತಲೆ ಯಾವ ಕಡೆ ತಿರುಗಿತು ಎನ್ನುವುದರಿಂದಲೇ ಎಷ್ಟೋ ಸಲ ಹುಡುಕಾಟದ ಮೊದಲ ಸುಳಿವು ಸಿಗುತ್ತದೆ.