ಲ್ಯಾಪರೋಸ್ಕೋಪಿಗೆ ಎಚ್‌ಡಿ ಕ್ಯಾಮೆರಾ ಸಾಕೇ, 4ಕೆ ಬೇಕೇ?

ನಿಮ್ಮ ಮೂವತ್ತು ಹಾಸಿಗೆಗಳ ಆಸ್ಪತ್ರೆಗೆ ಪಿತ್ತಕೋಶ ಮತ್ತು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಳಿಗಾಗಿ ಲ್ಯಾಪರೋಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ, ಒಳಗನ್ನು ಪರದೆಯಲ್ಲಿ ನೋಡುತ್ತ ಮಾಡುವ ಶಸ್ತ್ರಚಿಕಿತ್ಸೆ) ಕ್ಯಾಮೆರಾ ಕೊಳ್ಳಬೇಕಿದೆ, ಎಚ್‌ಡಿ ಸಾಕೇ ಅಥವಾ 4ಕೆ ತೆಗೆದುಕೊಳ್ಳಬೇಕೇ ಎಂದು ಕೇಳಿದ್ದೀರಿ. ಆಪರೇಷನ್ ಥಿಯೇಟರಿನ ಉಪಕರಣಗಳ ನಿರ್ವಹಣೆಯೇ ನನ್ನ ಉದ್ಯೋಗ. ನನ್ನ ಅಭಿಪ್ರಾಯದಲ್ಲಿ ಈ ಎರಡು ಶಸ್ತ್ರಚಿಕಿತ್ಸೆಗಳಿಗೂ ಒಳ್ಳೆಯ ಎಚ್‌ಡಿ ಧಾರಾಳವಾಗಿ ಸಾಕು; ಉಳಿಯುವ ಹಣವನ್ನು ಟೆಲಿಸ್ಕೋಪ್ (ಹೊಟ್ಟೆಯೊಳಗೆ ತೂರಿಸುವ ಮಸೂರದ ಕೊಳವೆ) ಮತ್ತು ಅದಕ್ಕೆ ಬೆಳಕು ತರುವ ಲೈಟ್ ಕೇಬಲ್‌ಗೆ ಹಾಕಿ.

ಫುಲ್ ಎಚ್‌ಡಿಯಲ್ಲಿ 1920×1080, ಅಂದರೆ ಸುಮಾರು 20 ಲಕ್ಷ ಬಿಂದುಗಳಿರುತ್ತವೆ; 4ಕೆಯಲ್ಲಿ ಅದರ ನಾಲ್ಕು ಪಟ್ಟು. ಆದರೆ ಟೆಲಿಸ್ಕೋಪಿನಿಂದ ಮಾನಿಟರ್‌ವರೆಗೆ ಎಲ್ಲವೂ ಅದೇ ಮಟ್ಟದ್ದಾಗಿರದಿದ್ದರೆ, ಅಥವಾ ಚಿಕ್ಕ ಪರದೆಯನ್ನು ದೂರದಲ್ಲಿಟ್ಟು ನೋಡುವುದಾದರೆ, ಆ ಹೆಚ್ಚುವರಿ ಬಿಂದುಗಳು ಬಿಲ್ಲಿನಲ್ಲಿ ಮಾತ್ರ ಕಾಣುತ್ತವೆ. ನಾನು ಮೊದಲು ಕೇಳುವುದು ಕ್ಯಾಮೆರಾ ಸಿಂಗಲ್ ಚಿಪ್ಪೋ ತ್ರೀ ಚಿಪ್ಪೋ ಎಂದು. ತ್ರೀ ಚಿಪ್‌ನಲ್ಲಿ ಪ್ರಿಸಂ ಬೆಳಕನ್ನು ಕೆಂಪು, ಹಸಿರು, ನೀಲಿಯಾಗಿ ಒಡೆದು ಮೂರು ಬೇರೆ ಸೆನ್ಸರ್‌ಗಳಿಗೆ ಕಳಿಸುತ್ತದೆ. ಸಾಮಾನ್ಯ ಸಿಂಗಲ್ ಚಿಪ್‌ನಲ್ಲಿ ಕಾಲುಭಾಗದಷ್ಟು ಬಿಂದುಗಳು ಮಾತ್ರ ಕೆಂಪನ್ನು ನೇರವಾಗಿ ಅಳೆಯುತ್ತವೆ, ಮಿಕ್ಕಿದ್ದು ಲೆಕ್ಕಾಚಾರದ ಅಂದಾಜು. ಹೊಟ್ಟೆಯೊಳಗೆ ಕಾಣುವುದು ಬಹುಪಾಲು ಕೆಂಪಿನ ನಾನಾ ಛಾಯೆಗಳೇ ಆದ್ದರಿಂದ ಇದು ಕಡೆಗಣಿಸುವ ವ್ಯತ್ಯಾಸವಲ್ಲ.

ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಚಿತ್ರ ಮಂಕಾಗಿದೆಯೆಂದು ಹೊಸ ಕ್ಯಾಮೆರಾಗೆ ಕೊಟೇಷನ್ ತರಿಸಿಯಾಗಿತ್ತು. ಲೈಟ್ ಕೇಬಲ್ಲಿನ ಒಂದು ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ತುದಿಯನ್ನು ನೋಡಿದರೆ, ಬಿಳಿ ಬಟ್ಟೆಯ ಮೇಲೆ ಕರಿಎಳ್ಳು ಚೆಲ್ಲಿದಂತೆ ಚುಕ್ಕೆಗಳು! ಪ್ರತಿಸಲ ತೊಳೆದ ಮೇಲೆ ಬಿಗಿಯಾಗಿ ಸುತ್ತಿಡುತ್ತಿದ್ದುದರಿಂದ ಮೂರರಲ್ಲೊಂದು ಪಾಲಿನಷ್ಟು ಗಾಜಿನ ಎಳೆಗಳು ಮುರಿದಿದ್ದವು. ಕೇಬಲ್ ಬದಲಿಸಿದ ಮೇಲೆ ಕೊಟೇಷನ್ ಕಡತ ಸೇರಿತು. ಪಾಪ, ಕ್ಯಾಮೆರಾ ಸುಮ್ಮನೆ ಅಪವಾದ ಹೊತ್ತಿತ್ತು. ಟೆಲಿಸ್ಕೋಪಿನ ಕಥೆಯೂ ಹೀಗೆಯೇ. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ರೂಪಿಸಿದ ವಿನ್ಯಾಸದಂತೆ ಅದರೊಳಗೆ ಉದ್ದನೆಯ ಗಾಜಿನ ಕಡ್ಡಿಗಳಿರುತ್ತವೆ. ಟ್ರೇಯಲ್ಲಿ ಭಾರದ ಉಪಕರಣದ ಕೆಳಗೆ ಸಿಕ್ಕಿ ಕೊಳವೆ ಸ್ವಲ್ಪ ಬಾಗಿದರೂ ಅವು ಬಿರುಕು ಬಿಡಬಹುದು, ಆಗ ಎಂತಹ 4ಕೆಯೂ ಮಸುಕನ್ನೇ ಸ್ಪಷ್ಟವಾಗಿ ತೋರಿಸುತ್ತದೆ. ಆದ್ದರಿಂದ 10 ಮಿ.ಮೀ., 30 ಡಿಗ್ರಿ ಓರೆ ನೋಟದ ಎರಡು ಟೆಲಿಸ್ಕೋಪ್‌ಗಳಿರಲಿ.

ಮುಂದೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳನ್ನೂ ಮಾಡುವ ಯೋಜನೆಯಿದ್ದರೆ ಮಾತು ಬೇರೆ. ಆಗಲೂ ನಾನಾದರೆ, ಬರಿಯ 4ಕೆಗಿಂತ ಐಸಿಜಿ (ಇಂಡೋಸಯನೈನ್ ಗ್ರೀನ್ ಎಂಬ ಬಣ್ಣ) ದ್ರಾವಣದಿಂದ ರಕ್ತಸಂಚಾರವನ್ನೂ ಪಿತ್ತನಾಳವನ್ನೂ ಹೊಳೆಯುವಂತೆ ತೋರಿಸುವ ಇನ್‌ಫ್ರಾರೆಡ್ ಸೌಲಭ್ಯಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಡೆಮೊವನ್ನು ಶೋರೂಮಿನಲ್ಲಲ್ಲ, ನಿಮ್ಮದೇ ಥಿಯೇಟರಿನಲ್ಲಿ ಕೇಳಿ. ಗಾಯಕ್ಕೆ ಕಟ್ಟುವ ಬಿಳಿ ಗಾಜ್ ಬಟ್ಟೆಗೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹೊಂದಾಣಿಕೆ) ಮಾಡಿಸಿ, ಕಾಟರಿ (ವಿದ್ಯುತ್ತಿನಿಂದ ಅಂಗಾಂಶ ಸುಡುವ ಉಪಕರಣ) ನಡೆಯುವಾಗ ಪರದೆಯಲ್ಲಿ ಗೆರೆಗಳು ಮೂಡುತ್ತವೆಯೇ ಎಂದು ನೋಡಿ. ಕ್ಯಾಮೆರಾ ಹೆಡ್ಡಿನ (ಟೆಲಿಸ್ಕೋಪಿಗೆ ಜೋಡಿಸುವ ಭಾಗ) ಕೇಬಲ್ ಬದಲಿಸಲು ಎಷ್ಟು ಖರ್ಚು, ಹೆಡ್ ರಿಪೇರಿಗೆ ಹೋದಾಗ ಬದಲಿ ಹೆಡ್ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ಆರ್ಡರ್ ಕೊಡುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಿ.