ಕಣ್ಣಿಗೆ ಹಾಕಿದ ಔಷಧದ ಹನಿ ಕೆನ್ನೆಯ ಮೇಲೆ ಹರಿದುಹೋಗುತ್ತದೆ. ಹನಿಯನ್ನೇ ಚಿಕ್ಕದು ಮಾಡಲಾಗದೇ?

ಮಾಡಬಹುದು. ಸಾಮಾನ್ಯ ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್ (ಒಂದು ಮೈಕ್ರೋಲೀಟರ್ ಎಂದರೆ ಮಿಲಿಲೀಟರಿನ ಸಾವಿರದಲ್ಲೊಂದು ಭಾಗ) ಇರುತ್ತದೆ. ರೆಪ್ಪೆಯೊಳಗೆ ಕ್ಷಣಕಾಲ ನಿಲ್ಲುವುದು ಹೆಚ್ಚೆಂದರೆ 30 ಮೈಕ್ರೋಲೀಟರ್. ಉಳಿದದ್ದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಕಣ್ಣೀರಿನ ನಾಳದ ಮೂಲಕ ಮೂಗು, ಗಂಟಲು ಸೇರುತ್ತದೆ. ಬಾಯಿ ಕಹಿಯಾಗುವುದು ಇದರಿಂದಲೇ.

ನಷ್ಟ ಹಣದ್ದು ಮಾತ್ರವಲ್ಲ. ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಗ್ಲಾಕೋಮಾ ರೋಗಕ್ಕೆ ಕೊಡುವ ಟಿಮೊಲಾಲ್ ಎಂಬ ಔಷಧ ಹೀಗೆ ರಕ್ತಕ್ಕೆ ಸೇರಿದರೆ ನಾಡಿ ನಿಧಾನವಾಗಬಹುದು, ಆಸ್ತಮಾ ಕೆರಳಬಹುದು. ಜೀವನವಿಡೀ ಹನಿ ಹಾಕಿಕೊಳ್ಳಬೇಕಾದ ವೃದ್ಧರಿಗೆ ಇದು ಸಣ್ಣ ವಿಷಯವಲ್ಲ. ತಿಂಗಳು ಮುಗಿಯುವ ಮೊದಲೇ ಬಾಟಲಿ ಖಾಲಿಯಾದರೆ ಚಿಕಿತ್ಸೆಯೇ ನಿಲ್ಲುವ ಅಪಾಯವಿದೆ.

ಹನಿಯ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಬಾಟಲಿಯ ತುದಿಯ ಅಗಲ ಮತ್ತು ದ್ರವದ ಗುಣ. 15–20 ಮೈಕ್ರೋಲೀಟರ್ ಹನಿಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ಅಧ್ಯಯನಗಳು ದಶಕಗಳ ಹಿಂದೆಯೇ ತೋರಿಸಿವೆ. ಆದರೂ ತುದಿ ಬದಲಾಗಲಿಲ್ಲ. ಅಮೆರಿಕದಲ್ಲಿ ರೋಗಿಗಳು ಕಂಪನಿಗಳ ವಿರುದ್ಧ ನ್ಯಾಯಾಲಯಕ್ಕೂ ಹೋದರು. ಅವರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಬಾಟಲಿಗೆ ಜೋಡಿಸಿ ಹನಿಯನ್ನು ಕುಗ್ಗಿಸುವ ತುದಿಗಳು ಈಗ ಅಲ್ಲಿ ಬಂದಿವೆ. ಬಳಸುವ ಮೊದಲು ವೈದ್ಯರನ್ನು ಕೇಳಿ.

ಅಂಥ ತುದಿ ಕೈಗೆ ಸಿಗುವವರೆಗೆ, ಒಂದು ಸಲಕ್ಕೆ ಒಂದೇ ಹನಿ ಸಾಕು. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ಎರಡನೆಯ ಔಷಧವಿದ್ದರೆ ಕನಿಷ್ಠ ಐದು ನಿಮಿಷ ಬಿಟ್ಟು ಹಾಕಿ. ಹೊಸ ಬಾಟಲಿಯ ತುದಿಯನ್ನು ಸೂಜಿಯಿಂದ ಚುಚ್ಚಬೇಡಿ. ರಂಧ್ರ ಕೆಡುತ್ತದೆ, ಸೋಂಕೂ ಸೇರಬಹುದು. ಚುಚ್ಚಿ ತೆರೆಯಬೇಕಾದ ಬಾಟಲಿಗಳ ಮುಚ್ಚಳದೊಳಗೇ ಅದಕ್ಕೆಂದು ಮೊನೆ ಇರುತ್ತದೆ.