ಆರು ವರ್ಷದ ಲೆಕ್ಕ

"ಅಕ್ಕಾ, ಮ್ಯಾಚ್ ಮುಗಿದು ತಿಂಗಳಾಯ್ತು. ಆಫೀಸಲ್ಲಿ ಊಟಕ್ಕೆ ಕೂತರೆ ಇನ್ನೂ ಬೇಸ್‌ಬಾಲೇ. ಯಾರು ಬರ್ತಾರೆ, ಯಾರನ್ನ ಬಿಡ್ತಾರೆ, ಮ್ಯಾನೇಜರ್‌ನ ತೆಗೀತಾರಾ ಅಂತ. ನಾನೂ ಕಲೀಬೇಕಾ?" ಅಂತ ಕೇಳಿದ್ದೀಯ. ಜೊತೆಗೆ ಜಾಕೆಟ್, ಬಾಡಿಗೆ, ಕುಕ್ಕರ್.

ಜಾಕೆಟ್ ಇಲ್ಲೇ ತಗೋ, ಬೆಂಗಳೂರಿನದು ಬಾಸ್ಟನ್ ಜನವರಿಗೆ ಏನಕ್ಕೂ ಆಗಲ್ಲ. ಮನೆ ಟ್ರೈನಿಗೆ ಹತ್ತಿರ ಇರಲಿ. ಕುಕ್ಕರ್‌ಗೆ ಎರಡು ಗ್ಯಾಸ್ಕೆಟ್ ತರಿಸ್ಕೋ. ಉಳಿದದ್ದು ನಿಮ್ಮಮ್ಮನಿಗೆ ಗೊತ್ತು.

ಬೇಸ್‌ಬಾಲ್ ಬಗ್ಗೆ ಹೇಳ್ತೀನಿ ಕೇಳು. ತಿಪಟೂರಲ್ಲಿ ಮಂಡಿ ಜಗಲಿ ಮೇಲೆ ಕೂತು ನಾಳೆಯ ಕೊಬ್ಬರಿ ರೇಟ್ ಮಾತಾಡ್ತಾರಲ್ಲ, ಇದೂ ಅದೇ. ಆಟ ಇಲ್ಲದ ಚಳಿಗಾಲದಲ್ಲಿ ಒಲೆ ಸುತ್ತ ಕೂತು ಹರಟ್ತಿದ್ದರಂತೆ, ಅದಕ್ಕೇ ಇದಕ್ಕೆ 'ಹಾಟ್ ಸ್ಟೋವ್' ಅಂತ ಹೆಸರು.

ನಾನು ಬಂದಿಳಿದದ್ದು 2010ರ ಅಕ್ಟೋಬರ್. ಡಿಸೆಂಬರ್‌ನಲ್ಲಿ ನೋಡಿದರೆ ಕಾಫಿ ಮಷಿನ್ ಹತ್ತಿರ ಹಬ್ಬ. ಬಾಸ್ಟನ್‌ ಟೀಮ್ ರೆಡ್ ಸಾಕ್ಸ್‌ನವರು ಏಡ್ರಿಯನ್ ಗೊನ್ಜಾಲೆಜ್‌ನ ಟ್ರೇಡ್ ಮಾಡಿ ತಂದಿದ್ದರು, ಕಾರ್ಲ್ ಕ್ರಾಫರ್ಡ್‌ಗೆ 7 ವರ್ಷಕ್ಕೆ 14.2 ಕೋಟಿ ಡಾಲರ್ ಬರೆದುಕೊಟ್ಟಿದ್ದರು. 'ಈ ಸಲ ಕಪ್ ನಮ್ದೇ' ಅನ್ನೋರು ಇಲ್ಲೂ ಇದ್ದರು ಅನ್ನು. 2011ರ ಸೆಪ್ಟೆಂಬರ್ ಒಂದರಲ್ಲೇ 27 ಆಟದಲ್ಲಿ 20 ಸೋತು, ಪ್ಲೇಆಫ್ ತಪ್ಪಿ, ಎರಡು ಸಲ ಕಪ್ ಗೆಲ್ಲಿಸಿಕೊಟ್ಟಿದ್ದ ಮ್ಯಾನೇಜರ್ ಟೆರ್ರಿ ಫ್ರಾಂಕೋನಾ ಮನೆಗೆ ಹೋದ. (ಮ್ಯಾನೇಜರ್ ಅಂದರೆ ಇಲ್ಲಿ ನಮ್ಮ ಕೋಚ್ ಇದ್ದ ಹಾಗೆ.) ಮುಂದಿನ ಮ್ಯಾನೇಜರ್ ಕೈಲಿ 93 ಸೋಲು. ಆಮೇಲೆ ಟೊರಾಂಟೊಗೆ ಒಬ್ಬ ಆಟಗಾರನನ್ನ ಕೊಟ್ಟು ಅವರ ಮ್ಯಾನೇಜರ್ ಜಾನ್ ಫ್ಯಾರೆಲ್‌ನ ತಂದರು, 2013ರಲ್ಲಿ ಗೆದ್ದೂಬಿಟ್ಟರು. ಚಳಿಗಾಲದ ಲೆಕ್ಕಾಚಾರ ಎಷ್ಟು ನಂಬಬಹುದು ನೀನೇ ನೋಡು. 2023ರ ಡಿಸೆಂಬರ್‌ನಲ್ಲಂತೂ ಜಪಾನಿನ ಸ್ಟಾರ್ ಆಟಗಾರ ಓಟಾನಿ ಟೊರಾಂಟೊಗೆ ಹೊರಟ ಅಂತ ಜನ ಫೋನಲ್ಲಿ ಒಂದು ವಿಮಾನದ ಹಿಂದೆ ಬಿದ್ದಿದ್ದರು. ಇಳಿದದ್ದು ಯಾರೋ ಉದ್ಯಮಿ. ಮರುದಿನ ಓಟಾನಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಟೀಮ್ ಅಂದ.

ನಿನಗೆ ಹೇಳಬೇಕಾದದ್ದು ಬೇರೆ ಇದೆ. ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡಿದ ಮೇಲೇ ಆಟಗಾರ ಫ್ರೀ ಏಜೆಂಟ್, ಅಂದರೆ ಬೇಕಾದ ಟೀಮಿಗೆ ಹೋಗಬಹುದು, ಅಲ್ಲಿವರೆಗೂ ಟೀಮಿನ ಕೈಲಿ. ನಮ್ಮ ಎಚ್-1ಬಿ ಕೆಲಸದ ವೀಸಾಗೂ ಆರೇ ವರ್ಷ. ಅವರದ್ದು ಬಿಡುಗಡೆ, ನಮ್ಮದು ಗಡುವು.

2014ರ ವಸಂತದಲ್ಲಿ ತಮ್ಮ ಪಿಚರ್ (ಚೆಂಡು ಎಸೆಯೋನು) ಜಾನ್ ಲೆಸ್ಟರ್‌ಗೆ ರೆಡ್ ಸಾಕ್ಸ್ 4 ವರ್ಷಕ್ಕೆ 7 ಕೋಟಿ ಡಾಲರ್ ಅಂದರಂತೆ ಅಂತ ಸುದ್ದಿ. ನಾನು ಚಿತ್ರಾನ್ನದ ಡಬ್ಬಿ ತೆಗೀತಿದ್ದೆ, ಪಕ್ಕದವನು ಮೇಜು ಕುಟ್ಟಿ, "ಇಷ್ಟಕ್ಕೆ ಅವನು ಒಪ್ಪಲ್ಲ, ಅವನ ಪರವಾಗಿ ಏಜೆಂಟ್ ಜಾಸ್ತಿ ಕೇಳ್ತಾನೆ" ಅಂದ. ಲೆಸ್ಟರ್‌ನ ಜುಲೈನಲ್ಲಿ ಓಕ್ಲೆಂಡ್‌ಗೆ ಸಾಗಹಾಕಿದರು. ಡಿಸೆಂಬರ್‌ನಲ್ಲಿ ಅವನು ಶಿಕಾಗೊ ಕಬ್ಸ್ ಹತ್ತಿರ 6 ವರ್ಷಕ್ಕೆ 15.5 ಕೋಟಿ ತಗೊಂಡ.

ನನಗೆ ಏಜೆಂಟ್ ಎಲ್ಲಿ? ಗಡುವಿನೊಳಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಿ ಅಂತ ಬಾಸ್‌ನ ಕೇಳಬೇಕು ಅಂತ ಅವತ್ತೇ ಅಂದುಕೊಂಡೆ. ದೊಡ್ಡವರ ಮುಂದೆ ನಮ್ಮ ಬಾಯಿ ಹೇಗೆ ಕಟ್ಟುತ್ತೆ, ನಿನಗೇನು ಬಿಡಿಸಿ ಹೇಳಬೇಕಾ. ಕೆಲಸ ನೋಡಿ ಅವರೇ ಮಾಡ್ತಾರೆ ಅಂತ ಕಾದೆ. ಗೌರಿ ಹಬ್ಬ ಕಳೆದ ಮೇಲೆ, ಬಾಗಿಲಲ್ಲೇ ನಿಂತು, ಕೇಳಿದೆ. "ಓ, ನಿನಗೆ ಬೇಡವೇನೋ ಅಂದುಕೊಂಡಿದ್ದೆ" ಅಂದ. ಅಷ್ಟೇ! ಕಾಗದಪತ್ರ ಎಲ್ಲ ಆಗಿ ಅರ್ಜಿ ಬಿದ್ದದ್ದು 2015ರ ಫೆಬ್ರವರಿ.

2022ರಲ್ಲಿ ಭಾರತದವರ ಇಬಿ-2 (ನನ್ನ ಗ್ರೀನ್ ಕಾರ್ಡ್ ವರ್ಗ) ಸರದಿ ಸರಸರ ಮುಂದೆ ಬಂತು. 2014ರ ಡಿಸೆಂಬರ್ 1ಕ್ಕೆ ಮುಂಚೆ ಅರ್ಜಿ ಬಿದ್ದವರವರೆಗೆ ಬಂದು ನಿಂತಿತು. ಅಕ್ಟೋಬರ್‌ನಲ್ಲಿ ತಿರುಗಿ 2012ಕ್ಕೆ ಹೋಯಿತು. 2014ರ ವಸಂತದಲ್ಲೇ ಬಾಯಿ ಬಿಟ್ಟಿದ್ದರೆ ನನ್ನದು ಆವತ್ತೇ ಮುಗೀತಿತ್ತು. ಈಗಲೂ ಊರಿಗೆ ಹೊರಟರೆ ವೀಸಾ ಸ್ಟಾಂಪಿಂಗ್ ಚಿಂತೆ. ಅಪ್ಪನಿಗೆ ಹುಷಾರಿಲ್ಲದಾಗ ಹೊರಡೋಕೆ ಎರಡು ವಾರ ಹಿಂದುಮುಂದು ನೋಡಿದ್ದೂ ಅದಕ್ಕೇ. ಅದು ಇನ್ನೊಂದಿನ.

ಊಟದ ಮೇಜಿಗೆ ಹೋಗು, ಎರಡು ಹೆಸರು ಕಲಿ, ನಗು. ಆದರೆ ಈ ಸೋಮವಾರ ನಿನ್ನ ಮ್ಯಾನೇಜರ್ ಹತ್ತಿರ ಹೋಗಿ, ನಿನ್ನ ಗ್ರೀನ್ ಕಾರ್ಡ್ ಫೈಲ್ ಯಾವ ತಿಂಗಳು ಶುರು ಮಾಡ್ತಾರೆ ಅಂತ ಕೇಳು. ಇಮೇಲ್‌ನಲ್ಲಿ ಬರೆಸ್ಕೋ. ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಹೋಗಿ ಕೂತ್ಕೊಂಡು ಕೇಳು.